ಬಾಗುವ, ಬಿರುಕಿಗೆ ಜಗ್ಗದ ಎಪಾಕ್ಸಿಗೆ ಸುಪ್ತ ಹಾರ್ಡನರ್ ಬಳಸುವ ಬಗೆ

ರಾಳ ಮತ್ತು ಅದನ್ನು ಗಟ್ಟಿ ಮಾಡುವ ಹಾರ್ಡನರ್ ಬೇರೆ ಬೇರೆ ಡಬ್ಬಿಗಳಲ್ಲಿ ಬರುವ ಎಪಾಕ್ಸಿಯಲ್ಲಿ ಎರಡನ್ನೂ ಬೆರೆಸಿದ ಗಳಿಗೆಯಿಂದಲೇ ಕ್ರಿಯೆ ಶುರುವಾಗುತ್ತದೆ. ಆಮೇಲೆ ಕೆಲಸಕ್ಕೆ ಉಳಿಯುವುದು ಕೆಲವು ನಿಮಿಷಗಳಿಂದ ಒಂದೆರಡು ಗಂಟೆಗಳ ಅವಧಿ ಮಾತ್ರ. ಸುಪ್ತ ಹಾರ್ಡನರ್ ಬಳಸಿದ ಎಪಾಕ್ಸಿಯಲ್ಲಿ ಎರಡೂ ಮೊದಲೇ ಬೆರೆತು ಒಂದೇ ಡಬ್ಬಿಯಲ್ಲಿದ್ದರೂ ಕೋಣೆಯ ತಾಪಮಾನದಲ್ಲಿ ವಾರಗಟ್ಟಲೆ, ತಿಂಗಳುಗಟ್ಟಲೆ ಹಾಗೆಯೇ ಉಳಿಯುತ್ತದೆ, ಓವನ್ನಿನಲ್ಲಿ ನಿಗದಿತ ತಾಪಮಾನ ಮುಟ್ಟಿದ ಮೇಲಷ್ಟೇ ಗಟ್ಟಿಯಾಗುತ್ತದೆ. ವಾಹನಗಳ ಲೋಹದ ಹಾಳೆಗಳನ್ನು ಕೂಡಿಸುವ ಅಂಟು, ಮೊದಲೇ ರಾಳ ತುಂಬಿಸಿದ ಕಾರ್ಬನ್ ನಾರಿನ ಹಾಳೆಯಾದ ಪ್ರಿಪ್ರೆಗ್, ಪೌಡರ್ ಕೋಟಿಂಗ್, ಸರ್ಕ್ಯೂಟ್ ಬೋರ್ಡಿನ ಲ್ಯಾಮಿನೇಟ್ ಇವೆಲ್ಲ ಈ ಗುಣವನ್ನೇ ನೆಚ್ಚಿಕೊಂಡಿವೆ.

ತೊಡಕು ಇರುವುದು ಇನ್ನೊಂದು ಕಡೆ. ಹಾರ್ಡನರ್ ಸುಪ್ತವಾಗಿರುವುದು ಅದು ರಾಳದಲ್ಲಿ ಕರಗದ, ಹೆಚ್ಚು ಬಿಸಿಗೆ ಮಾತ್ರ ಕರಗುವ ಹರಳಾಗಿರುವುದರಿಂದ. ಗಟ್ಟಿಯಾದ ಎಪಾಕ್ಸಿ ಬಾಗುವಂತಾಗುವುದು ಅದರ ಜಾಲದಲ್ಲಿ ಉದ್ದನೆಯ, ಮೆತ್ತನೆಯ ಸರಪಳಿಗಳು ಇರುವುದರಿಂದ. ಅಂಥ ಸರಪಳಿಯುಳ್ಳ, ನೈಟ್ರೋಜನ್ ಇರುವ ಹಾರ್ಡನರುಗಳಾದ ಅಮೀನ್‌ಗಳು ಸಾಮಾನ್ಯವಾಗಿ ದ್ರವಗಳು. ರಾಳದಲ್ಲಿ ಸಲೀಸಾಗಿ ಕರಗಿ ಕೂಡಲೇ ಕ್ರಿಯೆಗೆ ಇಳಿದುಬಿಡುತ್ತವೆ. ಹೀಗಾಗಿ ಎರಡು ಗುಣಗಳನ್ನೂ ಒಂದೇ ಅಣುವಿನಿಂದ ಬಯಸಿದರೆ ಒಂದನ್ನು ಬಿಟ್ಟುಕೊಡಬೇಕಾಗುತ್ತದೆ. ಸುಪ್ತತೆಯನ್ನು ಹಾರ್ಡನರಿಗೆ ವಹಿಸಿ, ಬಾಗುವ ಗುಣವನ್ನೂ ಬಿರುಕು ತಾಳಿಕೆಯನ್ನೂ ರಾಳದ ಕಡೆಯಿಂದ ತರುವುದೇ ಪ್ರಯೋಗಾಲಯದ ಮಟ್ಟದಲ್ಲಿ ಸೂತ್ರ ಕಟ್ಟುವವರಿಗೆ ಸರಳವಾದ ದಾರಿ ಎಂಬುದು ನನ್ನ ನಿಲುವು, ಮತ್ತು ಮುಂದಿನ ವಿವರಣೆಯೆಲ್ಲ ಆ ದಾರಿಯಲ್ಲೇ ಸಾಗುತ್ತದೆ.

ಮೊದಲು ಬೇಕಾದ ಗುಣ ಯಾವುದೆಂದು ತೀರ್ಮಾನಿಸಿ

ಬಾಗುವ ಗುಣ ಮತ್ತು ಬಿರುಕು ತಾಳಿಕೆ ಎರಡೂ ಒಂದೇ ಎಂದು ಭಾವಿಸಿ ಸೂತ್ರ ಕಟ್ಟಲು ಹೊರಟರೆ ಹಾದಿ ತಪ್ಪುತ್ತದೆ. ಬಾಗುವ ಗುಣವನ್ನು ತರುವ ವಸ್ತು ರಾಳದ ಜಾಲದೊಳಗೇ ಸೇರಿಕೊಳ್ಳುತ್ತದೆ. ಸರಪಳಿಗಳನ್ನು ಒಂದಕ್ಕೊಂದು ಕಟ್ಟುವ ಅಡ್ಡಕೊಂಡಿಗಳ ನಡುವಿನ ಅಂತರ ಹೆಚ್ಚುತ್ತದೆ, ಬಿಗಿತ ಇಳಿಯುತ್ತದೆ, ಜೊತೆಗೆ ಗಾಜಿನಂಥ ಸ್ಥಿತಿಯಿಂದ ರಬ್ಬರಿನಂಥ ಸ್ಥಿತಿಗೆ ಹೊರಳುವ ತಾಪಮಾನವೂ, ಅಂದರೆ ಕೆಲಸದ ಮಾತಿನಲ್ಲಿ ಟಿಜಿಯೂ, ಕೆಳಗಿಳಿಯುತ್ತದೆ. ಬಿರುಕು ತಾಳಿಕೆ ತರುವ ರಬ್ಬರ್ ಜಾಲದಿಂದ ಬೇರೆಯಾಗಿ, ಸಣ್ಣ ಸಣ್ಣ ಕಣಗಳಾಗಿ ಹರಡಿಕೊಂಡಿರುತ್ತದೆ. ಬಿರುಕಿನ ತುದಿಯಲ್ಲಿ ಈ ಕಣಗಳೊಳಗೆ ಗುಳಿ ಬಿದ್ದು, ಸುತ್ತಲಿನ ಎಪಾಕ್ಸಿ ಸೀಳುವ ಬದಲು ಜಾರಿ ವಿರೂಪಗೊಳ್ಳುತ್ತದೆ, ಬಿರುಕಿನ ಶಕ್ತಿ ಅಲ್ಲೇ ಖರ್ಚಾಗುತ್ತದೆ. ಬಿಗಿತವೂ ಟಿಜಿಯೂ ಬಹುಮಟ್ಟಿಗೆ ಉಳಿಯುತ್ತವೆ. ರಬ್ಬರಿಲ್ಲದ ಸಾದಾ ಎಪಾಕ್ಸಿಯಲ್ಲಿ ಬಿರುಕನ್ನು ಮುಂದೊಯ್ಯಲು ಪ್ರತಿ ಚದರ ಮೀಟರಿಗೆ 100ರಿಂದ 300 ಜೂಲ್ ಸಾಕಾದರೆ, ಸರಿಯಾಗಿ ರಬ್ಬರ್ ಸೇರಿಸಿದ ಎಪಾಕ್ಸಿಯಲ್ಲಿ ಅದು 1000 ಜೂಲ್ ದಾಟುವುದು ಸಾಮಾನ್ಯ.

ಹಾಗಾಗಿ ಕೆಲಸ ಏನೆಂಬುದನ್ನು ಮೊದಲು ಕೇಳಿಕೊಳ್ಳಬೇಕು. ಬಿಸಿಗೆ ಬೇರೆ ಬೇರೆ ಪ್ರಮಾಣದಲ್ಲಿ ಹಿಗ್ಗುವ ಎರಡು ವಸ್ತುಗಳನ್ನು, ಉದಾಹರಣೆಗೆ ಅಲ್ಯುಮಿನಿಯಂ ಮತ್ತು ಗಾಜನ್ನು ಅಂಟಿಸುವುದಾದರೆ ನಿಜವಾಗಿ ಬೇಕಾದದ್ದು ಬಾಗುವ ಗುಣ. ಪೆಟ್ಟು ಬೀಳುವ, ಕಿತ್ತುಬರುವ ಒತ್ತಡ ಇರುವ, ಆದರೆ 80 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲೂ ಭಾರ ಹೊರಬೇಕಾದ ಲೋಹದ ಜೋಡಣೆಯಾದರೆ ಬೇಕಾದದ್ದು ಬಿರುಕು ತಾಳಿಕೆ. ಹೆಚ್ಚಿನ ಕೆಲಸಗಳಿಗೆ ಎರಡನೆಯದೇ ಮುಖ್ಯ, ಮೊದಲನೆಯದು ಅಲ್ಪ ಪ್ರಮಾಣದಲ್ಲಿ ಸಾಕು.

ಹಾರ್ಡನರಿನ ಆಯ್ಕೆ

ಎಲ್ಲಕ್ಕಿಂತ ಹೆಚ್ಚು ಬಳಕೆಯಲ್ಲಿರುವುದು ಡೈಸಯನ್‌ಡೈಅಮೈಡ್. ಈ ಕೆಲಸದಲ್ಲಿರುವವರ ಬಾಯಲ್ಲಿ ಅದು ಬರೀ ಡೈಸಿ. ಬಿಳಿ ಪುಡಿ, ಸುಮಾರು 208 ಡಿಗ್ರಿಯಲ್ಲಿ ಕರಗುತ್ತದೆ, ದ್ರವ ಎಪಾಕ್ಸಿ ರಾಳದಲ್ಲಿ ಕೋಣೆಯ ತಾಪಮಾನದಲ್ಲಿ ಬಹುತೇಕ ಕರಗುವುದೇ ಇಲ್ಲ. ಒಂಟಿಯಾಗಿ ಬಳಸಿದರೆ ಅದಕ್ಕೆ 170ರಿಂದ 180 ಡಿಗ್ರಿ ಬೇಕು. ಡೈಯುರಾನ್, ಫೆನುರಾನ್ ಮುಂತಾದ ಯೂರಿಯಾ ಜಾತಿಯ ವೇಗವರ್ಧಕವನ್ನು, ಅಂದರೆ ಯುರಾನ್ ಅನ್ನು, 100 ಭಾಗ ರಾಳಕ್ಕೆ ಒಂದೆರಡು ಭಾಗ ಸೇರಿಸಿದರೆ ಅದೇ ಕೆಲಸ 120ರಿಂದ 140 ಡಿಗ್ರಿಯಲ್ಲಿ ಆಗುತ್ತದೆ. ಬಿಸಿಗೆ ಯುರಾನ್ ಒಡೆದು ಡೈಮೀಥೈಲ್ ಅಮೀನ್ ಬಿಡುಗಡೆಯಾಗುತ್ತದೆ, ಅದು ರಾಳದ ಅಣುವಿನಲ್ಲಿ ಕ್ರಿಯೆಗೆ ಇಳಿಯುವ ಎಪಾಕ್ಸಿ ಗುಂಪಿನೊಡನೆ ಸೇರಿ ತೃತೀಯಕ ಅಮೀನ್ ಆಗಿ ಉಳಿದ ಕ್ರಿಯೆಯನ್ನು ಚುರುಕುಗೊಳಿಸುತ್ತದೆ. ಯುರಾನ್ ಸೇರಿದ ಮೇಲೂ ಮಿಶ್ರಣ ಸಾಧಾರಣವಾಗಿ ಕೆಲವು ತಿಂಗಳು ಬಾಳುತ್ತದೆ.

ಡೈಸಿ ಕೊಳ್ಳುವಾಗ ಶುದ್ಧತೆಯಷ್ಟೇ ಕಣದ ಗಾತ್ರವನ್ನೂ ನೋಡಬೇಕು. ಬಹುಪಾಲು ಕಣಗಳು 10 ಮೈಕ್ರಾನಿಗಿಂತ ಚಿಕ್ಕದಾಗಿರುವಂತೆ ಅರೆದ ದರ್ಜೆಯನ್ನೇ ಆರಿಸುವುದು ಒಳ್ಳೆಯದು. ರಾಳಕ್ಕಿಂತ ಭಾರವಾದ ದೊಡ್ಡ ಹರಳುಗಳು ಡಬ್ಬಿಯಲ್ಲಿ ತಳಕ್ಕಿಳಿಯುತ್ತವೆ, ಓವನ್ನಿನಲ್ಲಿ ಪೂರ್ತಿ ಕರಗದೆ ಅಂಟಿನ ಪದರದಲ್ಲಿ ಬಿಳಿ ಚುಕ್ಕೆಗಳಾಗಿ ಉಳಿಯುತ್ತವೆ. ಡೈಸಿ ನೀರಿನಲ್ಲಿ ಕರಗುವ ವಸ್ತುವಾದ್ದರಿಂದ ಆ ಚುಕ್ಕೆಗಳೇ ಮುಂದೆ ತೇವ ಒಳನುಗ್ಗುವ ಜಾಗಗಳಾಗುತ್ತವೆ.

ಇನ್ನೊಂದು ಉಪಯುಕ್ತ ಕುಟುಂಬ ಡೈಹೈಡ್ರಜೈಡ್‌ಗಳದು. ಅಡಿಪಿಕ್ ಡೈಹೈಡ್ರಜೈಡ್ ಸುಮಾರು 180 ಡಿಗ್ರಿಯಲ್ಲಿ ಕರಗುತ್ತದೆ. ಸೆಬಾಸಿಕ್ ಡೈಹೈಡ್ರಜೈಡ್ ಕರಗುವುದೂ ಸರಿಸುಮಾರು ಅಲ್ಲೇ, ಆದರೆ ಅದರ ಆಮ್ಲದ ಬೆನ್ನೆಲುಬಿನಲ್ಲಿ ಆರರ ಬದಲು ಹತ್ತು ಕಾರ್ಬನ್‌ಗಳಿವೆ. ಹಾರ್ಡನರಿನ ಕಡೆಯಿಂದಲೇ ಸ್ವಲ್ಪ ಬಾಗುವ ಗುಣ ತರಬೇಕೆಂದು ಹಟ ಹಿಡಿಯುವವರಿಗೆ ಸುಪ್ತತೆಯನ್ನು ಕಳೆದುಕೊಳ್ಳದೆ ಸಿಗುವ ಅವಕಾಶ ಇದು: ಅಣುವಿನ ಎರಡು ತುದಿಗಳು ಹರಳಿನ ಬಿಗಿತವನ್ನು ಕಾಯ್ದುಕೊಳ್ಳುತ್ತವೆ, ನಡುವಿನ ಸರಪಳಿ ಜಾಲಕ್ಕೆ ಸಡಿಲ ಕೊಡುತ್ತದೆ. ಬೇಕಾಗುವ ತೂಕ ಮಾತ್ರ ಡೈಸಿಯ ಮೂರು ಪಟ್ಟಿಗೂ ಮೀರಬಹುದು, ಅಷ್ಟು ಪುಡಿ ಸೇರಿದಾಗ ಮಿಶ್ರಣ ಮಂದವಾಗುತ್ತದೆ.

ಇಮಿಡಜೋಲ್ ಅಥವಾ ಅಮೀನನ್ನು ಎಪಾಕ್ಸಿಯೊಡನೆ ಕೂಡಿಸಿ, ಪುಡಿ ಮಾಡಿ, ಕಣಗಳಿಗೆ ತೆಳುವಾದ ಕವಚ ತೊಡಿಸಿದ ಹಾರ್ಡನರುಗಳು 80ರಿಂದ 120 ಡಿಗ್ರಿಯಲ್ಲೇ ಕೆಲಸ ಮುಗಿಸುತ್ತವೆ. ಬಿಸಿ ತಾಳದ ಎಲೆಕ್ಟ್ರಾನಿಕ್ ಬಿಡಿಭಾಗಗಳಿಗೆ ಇವೇ ಗತಿ. ಆದರೆ ಕವಚ ಸೂಕ್ಷ್ಮ: ದ್ರಾವಕ ತಾಗಿದರೆ, ರಾಳವನ್ನು ತೆಳುವಾಗಿಸುವ ಡೈಲ್ಯೂಯೆಂಟ್ ಹೆಚ್ಚಾದರೆ, ಮೂರು ರೋಲರಿನ ಗಿರಣಿಯಲ್ಲಿ ಅರೆದರೆ ಒಡೆದುಹೋಗುತ್ತದೆ, ಸುಪ್ತತೆಯೂ ಅದರೊಂದಿಗೇ ಹೋಗುತ್ತದೆ. ಬೋರಾನ್ ಟ್ರೈಫ್ಲೋರೈಡ್ ಮತ್ತು ಮಾನೋಈಥೈಲ್ ಅಮೀನ್‌ನ ಸಂಕೀರ್ಣವೂ ಸುಪ್ತವೇ, ಆದರೆ ಅದು ತೇವಕ್ಕೆ ಹಾಳಾಗುತ್ತದೆ, ಲೋಹವನ್ನು ತಿನ್ನಬಲ್ಲದು, ಕೊಡುವ ಜಾಲವೂ ಪೆಡಸು. ಈ ಬರಹದ ಉದ್ದೇಶಕ್ಕೆ ಅದನ್ನು ಬದಿಗಿಡಬಹುದು.

ಇನ್ನು ಮುಂದೆ ಡೈಸಿ ಮತ್ತು ಯುರಾನ್ ಜೋಡಿಯನ್ನೇ ಆಧಾರವಾಗಿಟ್ಟುಕೊಳ್ಳುತ್ತೇನೆ.

ರಾಳದ ಕಡೆಯ ಸಿದ್ಧತೆ

ಆಧಾರ ರಾಳ ಬಿಸ್‌ಫೆನಾಲ್-ಎ ಜಾತಿಯ ದ್ರವ ಎಪಾಕ್ಸಿ, ಎಪಾಕ್ಸಿ ಸಮಾನ ತೂಕ, ಅಂದರೆ ಒಂದು ಮೋಲ್ ಎಪಾಕ್ಸಿ ಗುಂಪು ಇರುವ ರಾಳದ ಗ್ರಾಂ ತೂಕ, ಸುಮಾರು 188. ಇದಕ್ಕೆ ಸೇರಿಸುವ ರಬ್ಬರ್ ಎರಡು ರೂಪಗಳಲ್ಲಿ ಸಿಗುತ್ತದೆ.

ಮೊದಲನೆಯದು ತುದಿಗಳಲ್ಲಿ ಕಾರ್ಬಾಕ್ಸಿಲ್ ಗುಂಪುಳ್ಳ ಬ್ಯುಟಡೈಈನ್-ಅಕ್ರಿಲೋನೈಟ್ರೈಲ್ ದ್ರವ ರಬ್ಬರ್, ಹೆಸರಿನ ಗಿಡ್ಡ ರೂಪ ಸಿಟಿಬಿಎನ್. ಇದನ್ನು ನೇರವಾಗಿ ಮಿಶ್ರಣಕ್ಕೆ ಸುರಿಯಬಾರದು. ಮೊದಲೇ ರಾಳದೊಡನೆ ಕ್ರಿಯೆ ನಡೆಸಿ ಎರಡೂ ಕೂಡಿದ ಸಂಯುಕ್ತ, ಅಂದರೆ ಅಡಕ್ಟ್, ಮಾಡಿಕೊಳ್ಳಬೇಕು. ಆಗ ರಬ್ಬರಿನ ಎರಡೂ ತುದಿಗಳಿಗೆ ಎಪಾಕ್ಸಿ ಗುಂಪು ಕೂಡಿಕೊಂಡು, ಕ್ಯೂರಿಂಗ್ ಹೊತ್ತಿಗೆ, ಅಂದರೆ ರಾಳ ಗಟ್ಟಿಯಾಗುವಾಗ, ಕಣಗಳು ಸುತ್ತಲಿನ ಜಾಲಕ್ಕೆ ಗಟ್ಟಿಯಾಗಿ ಬೆಸೆಯುತ್ತವೆ. 60 ಭಾಗ ರಾಳ, 40 ಭಾಗ ರಬ್ಬರ್, ಒಟ್ಟು ತೂಕದ 0.1ರಿಂದ 0.2 ಪ್ರತಿಶತ ಟ್ರೈಫೀನೈಲ್ ಫಾಸ್ಫೀನ್ ಸೇರಿಸಿ, ನೈಟ್ರೋಜನ್ ಹರಿಸುತ್ತ, ಕಲಕುತ್ತ, 120ರಿಂದ 150 ಡಿಗ್ರಿಯಲ್ಲಿ ಎರಡು ಮೂರು ಗಂಟೆ ಇಡಬೇಕು. ಮುಗಿಯಿತೇ ಎಂಬುದನ್ನು ಗಡಿಯಾರ ನೋಡಿ ಹೇಳಲಾಗದು, ಉಳಿದಿರುವ ಆಮ್ಲದ ಅಳತೆಯಾದ ಆಮ್ಲಾಂಕ ನೋಡಿ ಹೇಳಬೇಕು. 18 ಪ್ರತಿಶತ ಅಕ್ರಿಲೋನೈಟ್ರೈಲ್ ಇರುವ ಸಾಮಾನ್ಯ ದರ್ಜೆಯ ರಬ್ಬರಿನ ಆಮ್ಲಾಂಕ ಸುಮಾರು 29. ಆದ್ದರಿಂದ ಈ ಮಿಶ್ರಣ 12ರ ಆಸುಪಾಸಿನಲ್ಲಿ ಆರಂಭವಾಗುತ್ತದೆ. ಅರ್ಧ ಗಂಟೆಗೊಮ್ಮೆ ಮಾದರಿ ತೆಗೆದು ಟೈಟ್ರೇಟ್ ಮಾಡುತ್ತ ಹೋದರೆ ಅದು ಮೊದಲು ಬೇಗ, ಆಮೇಲೆ ನಿಧಾನವಾಗಿ ಇಳಿಯುವುದು ಕಾಣುತ್ತದೆ, 0.5ಕ್ಕಿಂತ ಕೆಳಗೆ ಬಂದ ಮೇಲೆ ತಣಿಸಬಹುದು. ಆಮ್ಲಾಂಕ ನಿಂತ ಮೇಲೂ ಬಿಸಿ ಮುಂದುವರಿಸಿದರೆ ಸ್ನಿಗ್ಧತೆ ಸುಮ್ಮನೆ ಏರುತ್ತದೆಯೇ ಹೊರತು ಲಾಭವಿಲ್ಲ.

ಸಿಟಿಬಿಎನ್ ಮೊದಲು ರಾಳದಲ್ಲಿ ಕರಗಿಯೇ ಇರುತ್ತದೆ, ಕ್ಯೂರಿಂಗ್ ಮುಂದುವರಿದಂತೆ ಬೇರ್ಪಟ್ಟು ಕಣವಾಗುತ್ತದೆ, ಮತ್ತು ಹರಿಯುವುದು ನಿಂತು ಜೆಲ್ ಆದ ಗಳಿಗೆಯಲ್ಲಿ ಆ ಬೇರ್ಪಡುವಿಕೆ ನಿಂತುಹೋಗುತ್ತದೆ. ಅಂದರೆ ಕಣದ ಗಾತ್ರವನ್ನು ನಿರ್ಧರಿಸುವುದು ನಿಮ್ಮ ಓವನ್. ತೀರಾ ಬೇಗ ಜೆಲ್ ಮಾಡಿಸಿದರೆ ಒಂದಿಷ್ಟು ರಬ್ಬರ್ ಜಾಲದೊಳಗೇ ಸಿಕ್ಕಿಕೊಂಡು ಟಿಜಿಯನ್ನು ಇಳಿಸುತ್ತದೆ, ತಾಳಿಕೆಯನ್ನು ಮಾತ್ರ ಹೆಚ್ಚಿಸುವುದಿಲ್ಲ. ಕಣದ ಗಾತ್ರಕ್ಕೂ ಎಪಾಕ್ಸಿ ವಿರೂಪಗೊಳ್ಳುವ ಬಗೆಗೂ ಇರುವ ನಂಟನ್ನು ಸಂಶೋಧಕರಾದ ಸುಲ್ತಾನ್ ಮತ್ತು ಮೆಕ್‌ಗ್ಯಾರಿ 1973ರಷ್ಟು ಹಿಂದೆಯೇ ಚರ್ಚಿಸಿದ್ದಾರೆ. ಇವತ್ತಿಗೂ ಹೊಸ ಸೂತ್ರ ಕಟ್ಟುವವರು ಇದನ್ನು ಮರೆತು ರಬ್ಬರಿನ ಪ್ರಮಾಣವನ್ನಷ್ಟೇ ಏರಿಸುತ್ತ ಹೋಗುವುದುಂಟು.

ಎರಡನೆಯ ರೂಪ ಕೋರ್-ಶೆಲ್ ರಬ್ಬರ್, ಅಂದರೆ ರಬ್ಬರಿನ ತಿರುಳಿಗೆ ಗಟ್ಟಿ ಹೊರಪದರ ಇರುವ ಕಣಗಳು. ಇಲ್ಲಿ ಕಣಗಳು ಮೊದಲೇ ತಯಾರಾಗಿ, ಸಾಮಾನ್ಯವಾಗಿ 100ರಿಂದ 300 ನ್ಯಾನೋಮೀಟರ್ ಗಾತ್ರದಲ್ಲಿ, ರಾಳದಲ್ಲಿ ಹರಡಿದ ಮಾಸ್ಟರ್‌ಬ್ಯಾಚಾಗಿ ಬರುತ್ತವೆ. ಓವನ್ ಹೇಗೆ ನಡೆದರೂ ಕಣದ ಗಾತ್ರ ಬದಲಾಗುವುದಿಲ್ಲ, ಟಿಜಿ ಹೆಚ್ಚು ಇಳಿಯುವುದಿಲ್ಲ. ಒಂದೇ ಅಂಟು ಬೇರೆ ಬೇರೆ ಓವನ್‌ಗಳಲ್ಲಿ, ಬೇರೆ ಬೇರೆ ವೇಗದಲ್ಲಿ ಬೇಯುವ ಸಂದರ್ಭವಿದ್ದರೆ ನಾನು ಇದನ್ನೇ ಆರಿಸುತ್ತೇನೆ. ಲೋಹದ ಹಾಳೆಯನ್ನು ಸುಲಿಯುವ ಒತ್ತಡವೇ ಮುಖ್ಯವಾದರೆ ಎರಡನ್ನೂ ಒಟ್ಟಿಗೆ, ಅರ್ಧರ್ಧ ಬಳಸುವುದು ಒಳ್ಳೆಯ ಆರಂಭ. ಒಟ್ಟು ರಬ್ಬರ್ 100 ಭಾಗ ರಾಳಕ್ಕೆ 5ರಿಂದ 15 ಭಾಗದೊಳಗಿರಲಿ.

ಬಾಗುವ ಗುಣಕ್ಕೆ ಪಾಲಿಪ್ರೊಪಿಲೀನ್ ಗ್ಲೈಕಾಲ್‌ನ ಡೈಗ್ಲಿಸಿಡೈಲ್ ಈಥರ್, ಡೈಮರ್ ಆಮ್ಲದ ಡೈಗ್ಲಿಸಿಡೈಲ್ ಎಸ್ಟರ್, ಗೇರುಬೀಜದ ಸಿಪ್ಪೆಯ ಎಣ್ಣೆಯಿಂದ ತೆಗೆದ ಕಾರ್ಡನಾಲ್ ಆಧಾರಿತ ಎಪಾಕ್ಸಿ ಇವುಗಳಲ್ಲಿ ಯಾವುದಾದರೂ ಆದೀತು. 10ರಿಂದ 20 ಭಾಗದವರೆಗೆ ಸಲೀಸು. 30 ದಾಟಿದರೆ ಬಿಸಿಯಲ್ಲಿ ಅಂಟು ನಿಧಾನವಾಗಿ ಜಾರಲು ತೊಡಗುತ್ತದೆ. ಒಂದೇ ಎಪಾಕ್ಸಿ ಗುಂಪುಳ್ಳ ತೆಳು ಡೈಲ್ಯೂಯೆಂಟ್‌ಗಳಿಂದ ದೂರವಿರುವುದು ಲೇಸು. ಅವು ಜಾಲದ ಕೊಂಡಿಗಳನ್ನು ಅರ್ಧಕ್ಕೇ ಕಡಿಯುತ್ತವೆ, ಸಾಲದ್ದಕ್ಕೆ ಹಾರ್ಡನರನ್ನು ಸ್ವಲ್ಪ ಸ್ವಲ್ಪ ಕರಗಿಸಿ ಡಬ್ಬಿಯ ಬಾಳಿಕೆಯನ್ನೂ ತಗ್ಗಿಸುತ್ತವೆ.

ತೂಕದ ಲೆಕ್ಕ

ಒಂದು ಸೂತ್ರವನ್ನು ತೆಗೆದುಕೊಂಡು ಲೆಕ್ಕ ಹಾಕೋಣ. ಆಧಾರ ರಾಳ 65 ಗ್ರಾಂ, 40 ಪ್ರತಿಶತ ರಬ್ಬರ್ ಇರುವ ಸಿಟಿಬಿಎನ್ ಅಡಕ್ಟ್ 25 ಗ್ರಾಂ, ಪಾಲಿಪ್ರೊಪಿಲೀನ್ ಗ್ಲೈಕಾಲ್‌ನ ಎಪಾಕ್ಸಿ 10 ಗ್ರಾಂ. ಒಟ್ಟು 100 ಗ್ರಾಂ, ಅದರಲ್ಲಿ ಅಪ್ಪಟ ರಬ್ಬರ್ 10 ಗ್ರಾಂ. ಸಮಾನ ತೂಕಗಳು ಕ್ರಮವಾಗಿ 188, 335 ಮತ್ತು 320 ಎಂದಿಟ್ಟುಕೊಂಡರೆ ಎಪಾಕ್ಸಿ ಗುಂಪುಗಳು 65ನ್ನು 188ರಿಂದ ಭಾಗಿಸಿ 0.346, 25ನ್ನು 335ರಿಂದ ಭಾಗಿಸಿ 0.075, 10ನ್ನು 320ರಿಂದ ಭಾಗಿಸಿ 0.031; ಕೂಡಿದರೆ 0.452 ಸಮಾನಾಂಶ. ಅಂದರೆ ಮಿಶ್ರ ರಾಳದ ಸಮಾನ ತೂಕ ಸುಮಾರು 221. ಮಾಹಿತಿ ಪತ್ರದಲ್ಲಿ ಅಚ್ಚಾದ ಸಂಖ್ಯೆಯ ಬದಲು ಕೈಯಲ್ಲಿರುವ ಬ್ಯಾಚಿನ ಪ್ರಮಾಣಪತ್ರದ ಸಂಖ್ಯೆಯನ್ನೇ ಬಳಸಬೇಕು, ಅಡಕ್ಟನ್ನು ತಾವೇ ಮಾಡಿಕೊಂಡಿದ್ದರೆ ಅಳೆದೇ ನೋಡಬೇಕು.

ಡೈಸಿಯ ಅಣುತೂಕ 84. ಎಪಾಕ್ಸಿ ಗುಂಪಿನೊಡನೆ ಕೂಡುವ ಸಕ್ರಿಯ ಹೈಡ್ರೋಜನ್ ನಾಲ್ಕು ಎಂದು ಎಣಿಸಿದರೆ ಸಮಾನ ತೂಕ 21. ಹಾಗಾಗಿ ಕಾಗದದ ಮೇಲಿನ ಲೆಕ್ಕ 0.452 ಗುಣಿಸು 21, ಅಂದರೆ ಸುಮಾರು 9.5 ಗ್ರಾಂ. ಆದರೆ ಇಷ್ಟನ್ನೂ ಹಾಕುವುದಿಲ್ಲ. ಡೈಸಿಯ ನೈಟ್ರೈಲ್ ಗುಂಪೂ ಕ್ರಿಯೆಯಲ್ಲಿ ಭಾಗವಹಿಸುತ್ತದೆ, ವೇಗವರ್ಧಕದ ಪ್ರಭಾವದಲ್ಲಿ ಎಪಾಕ್ಸಿ ಗುಂಪುಗಳು ತಮ್ಮತಮ್ಮಲ್ಲೇ ಕೂಡಿಕೊಳ್ಳುವುದೂ ಇದೆ. ಲೆಕ್ಕದ 60ರಿಂದ 75 ಪ್ರತಿಶತ ಸಾಕು. ನಮ್ಮ ಸೂತ್ರಕ್ಕೆ 6ರಿಂದ 7 ಗ್ರಾಂ. 6.5 ಗ್ರಾಂ ಡೈಸಿ, 1.5 ಗ್ರಾಂ ಯುರಾನ್ ಇಟ್ಟುಕೊಂಡು ಆರಂಭಿಸಿ, ಆಮೇಲೆ ಅರ್ಧರ್ಧ ಗ್ರಾಂ ಆಚೀಚೆ ಮಾಡಿ ಟಿಜಿಯನ್ನೂ ಸುಲಿತದ ಬಲವನ್ನೂ ಹೋಲಿಸಬಹುದು. ಅಡಿಪಿಕ್ ಡೈಹೈಡ್ರಜೈಡ್ ಆದರೆ ಸಮಾನ ತೂಕ 43.5, ಬೇಕಾಗುವುದು ಸುಮಾರು 19.7 ಗ್ರಾಂ, ಸೆಬಾಸಿಕ್ ಆದರೆ 57.6, ಬೇಕಾಗುವುದು 26 ಗ್ರಾಂ. ಇವೆರಡರಲ್ಲಿ ಲೆಕ್ಕದ ಪೂರ್ಣ ತೂಕದಿಂದಲೇ ಆರಂಭಿಸುವುದು ರೂಢಿ.

ಬೆರೆಸುವ ಕ್ರಮ

ರಾಳ, ಅಡಕ್ಟ್ ಮತ್ತು ಬಾಗುವ ಎಪಾಕ್ಸಿಯನ್ನು 60ರಿಂದ 70 ಡಿಗ್ರಿಗೆ ಬೆಚ್ಚಗೆ ಮಾಡಿ ಏಕರೂಪವಾಗುವವರೆಗೆ ಕಲಕಬೇಕು. ಈ ಹಂತದಲ್ಲಿ ಹಾರ್ಡನರ್ ಇಲ್ಲದಿರುವುದರಿಂದ ಬಿಸಿಯ ಭಯವಿಲ್ಲ. ಸುಣ್ಣದ ಕಲ್ಲಿನ ಪುಡಿಯಂಥ ಫಿಲ್ಲರ್ ಇದ್ದರೆ ಒಣಗಿಸಿ ಈಗಲೇ ಸೇರಿಸಬಹುದು. ತೇವ ಹೀರಿಕೊಳ್ಳಲು 2ರಿಂದ 4 ಭಾಗ ಕ್ಯಾಲ್ಸಿಯಂ ಆಕ್ಸೈಡ್ ಸೇರಿಸಿದರೆ ಓವನ್ನಿನಲ್ಲಿ ಗುಳ್ಳೆ ಏಳುವುದು ಕಡಿಮೆಯಾಗುತ್ತದೆ. ಆಮೇಲೆ ಮಿಶ್ರಣವನ್ನು 40 ಡಿಗ್ರಿಗಿಂತ ಕೆಳಗೆ ತಣಿಸಬೇಕು. ಇಲ್ಲಿ ಅವಸರ ಮಾಡಿ ಬೆಚ್ಚಗಿನ ರಾಳಕ್ಕೇ ಪುಡಿಗಳನ್ನು ಸುರಿದರೆ ಆ ಕ್ಷಣಕ್ಕೆ ಏನೂ ಕಾಣದು, ಆದರೆ ಡಬ್ಬಿಯ ಬಾಳಿಕೆ ಅಷ್ಟರಮಟ್ಟಿಗೆ ಕಡಿಮೆಯಾಗಿರುತ್ತದೆ.

ಡೈಸಿ ಪುಡಿಯನ್ನು ನೇರವಾಗಿ ಹಾಕಿದರೆ ಗಂಟು ಕಟ್ಟುತ್ತದೆ. ಅದಕ್ಕೆ ಆಧಾರ ರಾಳದಿಂದಲೇ 10 ಗ್ರಾಮಿನಷ್ಟನ್ನು ಮೊದಲೇ ತೆಗೆದಿಟ್ಟುಕೊಂಡು, 6.5 ಗ್ರಾಂ ಡೈಸಿಯನ್ನು ಅದರಲ್ಲಿ ಕಲಸಿ, ಮೂರು ರೋಲರಿನ ಗಿರಣಿಯಲ್ಲಿ ಎರಡು ಮೂರು ಸಲ ಹಾಯಿಸಿ ಪೇಸ್ಟ್ ಮಾಡಿಕೊಳ್ಳಬೇಕು. ಇಷ್ಟು ಸಣ್ಣ ಪ್ರಮಾಣ ರೋಲರುಗಳಲ್ಲೇ ಅಂಟಿಕೊಂಡು ಉಳಿಯುವುದರಿಂದ ಇದೇ ಅನುಪಾತದಲ್ಲಿ ಹೆಚ್ಚು ಪೇಸ್ಟ್ ಮಾಡಿ, ಬೇಕಾದ 16.5 ಗ್ರಾಮನ್ನು ತೂಗಿ ತೆಗೆದುಕೊಳ್ಳುವುದು ಸರಿ. ರೋಲರುಗಳಿಗೆ ತಣ್ಣೀರು ಹರಿಯುತ್ತಿರಲಿ. ನುಣುಪು ತಿಳಿಯಲು, ಆಳ ಕ್ರಮೇಣ ಕಡಿಮೆಯಾಗುವ ತೋಡಿರುವ ಉಕ್ಕಿನ ತುಂಡಾದ ಹೆಗ್‌ಮನ್ ಗೇಜಿನ ಆಳದ ತುದಿಯಲ್ಲಿ ಒಂದು ಹನಿ ಪೇಸ್ಟ್ ಇಟ್ಟು, ಉಕ್ಕಿನ ಪಟ್ಟಿಯನ್ನು ನೆಟ್ಟಗೆ ಹಿಡಿದು ಒಂದೇ ಎಳೆತಕ್ಕೆ ಎಳೆಯಬೇಕು. ಬೆಳಕಿಗೆ ಓರೆಯಾಗಿ ಹಿಡಿದು ನೋಡಿದಾಗ ಚುಕ್ಕೆಗಳೂ ಗೀರುಗಳೂ ಎಲ್ಲಿಂದ ದಟ್ಟವಾಗುತ್ತವೆಯೋ ಆ ಗುರುತಿನ ಸಂಖ್ಯೆಯೇ ಕಣದ ಗಾತ್ರ. ಅದು 10 ಮೈಕ್ರಾನಿನ ಆಚೆ ಇದ್ದರೆ ಇನ್ನೊಮ್ಮೆ ಹಾಯಿಸಬೇಕು.

ಈ ಪೇಸ್ಟನ್ನು ತಣಿದ ರಾಳಕ್ಕೆ ಸೇರಿಸಿ, ನಂತರ ಫ್ಯೂಮ್ಡ್ ಸಿಲಿಕಾ ಎಂಬ ಅತಿ ನುಣ್ಣನೆಯ ಪುಡಿ 2ರಿಂದ 3 ಭಾಗ, ಕೊನೆಗೆ ಯುರಾನ್. ತೇವ ಹಿಡಿಯದಂತೆ ಸಂಸ್ಕರಿಸಿದ ಸಿಲಿಕಾವನ್ನೇ ಬಳಸಬೇಕು. ಅದು ಲಂಬವಾದ ಮೇಲ್ಮೈಯಿಂದ ಅಂಟು ಇಳಿಯದಂತೆ ತಡೆಯುವುದಲ್ಲದೆ ಡೈಸಿ ಕಣಗಳು ತಳ ಸೇರದಂತೆಯೂ ಹಿಡಿದಿಡುತ್ತದೆ. ಪ್ಲಾನೆಟರಿ ಮಿಕ್ಸರಿನಲ್ಲಿ ನಿಧಾನವಾಗಿ ಕಲಕುತ್ತ ನಿರ್ವಾತ ಹಚ್ಚಿ 20ರಿಂದ 30 ನಿಮಿಷ ಗಾಳಿ ತೆಗೆಯಬೇಕು. ಮಿಶ್ರಣ ಮೊದಲು ನೊರೆಯಾಗಿ ಉಬ್ಬಿ, ಆಮೇಲೆ ತಟ್ಟನೆ ಕುಸಿಯುತ್ತದೆ. ಪಾತ್ರೆಯ ಅರ್ಧಕ್ಕಿಂತ ಹೆಚ್ಚು ತುಂಬಿಸಬಾರದೆನ್ನುವುದು ಈ ಉಬ್ಬಿಗಾಗಿಯೇ.

ಹಾರ್ಡನರ್ ಸುಪ್ತವಾಗಿದೆಯೆಂದು ಅಪಾಯವೂ ಸುಪ್ತವಾಗಿರುವುದಿಲ್ಲ. ಗಟ್ಟಿಯಾಗದ ಎಪಾಕ್ಸಿ ರಾಳ ಚರ್ಮಕ್ಕೆ ಅಲರ್ಜಿ ಹುಟ್ಟಿಸುತ್ತದೆ, ಒಮ್ಮೆ ಹುಟ್ಟಿದ ಅಲರ್ಜಿ ಹೋಗುವುದಿಲ್ಲ. ಡೈಯುರಾನ್ ಕಳೆನಾಶಕವಾಗಿಯೂ ಬಳಕೆಯಾಗುವ ವಸ್ತು, ಜಲಚರಗಳಿಗೆ ವಿಷ, ಕ್ಯಾನ್ಸರಿನ ಸಂಶಯವುಳ್ಳ ರಾಸಾಯನಿಕಗಳ ಪಟ್ಟಿಯಲ್ಲಿ ಐರೋಪ್ಯ ಒಕ್ಕೂಟ ಅದನ್ನು ಸೇರಿಸಿದೆ. ನೈಟ್ರೈಲ್ ಕೈಗವಸು, ಪುಡಿ ತೂಗುವಾಗ ಧೂಳು ತಡೆಯುವ ಮುಖಗವಸು, ಗಾಳಿ ಎಳೆಯುವ ಹುಡ್ ಇವು ಬೇಕೇ ಬೇಕು. ತೊಳೆದ ನೀರನ್ನು ಚರಂಡಿಗೆ ಬಿಡಬಾರದು.

ಓವನ್ನಿನಲ್ಲಿ

ಈ ಸೂತ್ರಕ್ಕೆ 130 ಡಿಗ್ರಿಯಲ್ಲಿ 60 ನಿಮಿಷ ಒಳ್ಳೆಯ ಆರಂಭ. ಈ 60 ನಿಮಿಷವನ್ನು ಎಣಿಸಬೇಕಾದದ್ದು ಅಂಟಿನ ಪದರ 130 ಡಿಗ್ರಿ ಮುಟ್ಟಿದ ಮೇಲೆ. ಓವನ್ನಿನ ಫಲಕ ತೋರಿಸುವುದು ಗಾಳಿಯ ಬಿಸಿಯನ್ನು. ದಪ್ಪ ಉಕ್ಕಿನ ಜೋಡಣೆಯಲ್ಲಿ ಎರಡರ ನಡುವಿನ ಅಂತರ ಅರ್ಧ ಗಂಟೆಯನ್ನೂ ಮೀರಬಹುದು. ಮೊದಲ ಪ್ರಯೋಗಗಳಲ್ಲಿ ಪದರದೊಳಗೇ ತೆಳ್ಳನೆಯ ಥರ್ಮೋಕಪಲ್ ಸಿಕ್ಕಿಸಿ ನೋಡುವುದಕ್ಕೆ ಬೇರೆ ಪರ್ಯಾಯವಿಲ್ಲ. ಪದರದ ದಪ್ಪ ಒಂದೇ ಸಮನಿರಲು 0.2 ಮಿಲಿಮೀಟರಿನ ಗಾಜಿನ ಮಣಿಗಳನ್ನು ಒಂದು ಪ್ರತಿಶತದಷ್ಟು ಮಿಶ್ರಣದಲ್ಲಿ ಸೇರಿಸಬಹುದು.

ತೆಳು ಪದರಕ್ಕೆ ಸರಿಹೋಗುವ ಈ ಕ್ರಮ ದಪ್ಪ ಎರಕಕ್ಕೆ ಅಪಾಯಕಾರಿ. ಒಂದು ಮೋಲ್ ಎಪಾಕ್ಸಿ ಗುಂಪು ಕ್ರಿಯೆ ನಡೆಸಿದಾಗ ಹೊರಬರುವ ಶಾಖ 90ರಿಂದ 100 ಕಿಲೋಜೂಲ್. ನಮ್ಮ 100 ಗ್ರಾಂ ರಾಳದಲ್ಲಿ 0.452 ಮೋಲ್ ಇದೆ, ಅಂದರೆ 40 ಕಿಲೋಜೂಲಿಗೂ ಹೆಚ್ಚು, ಮಿಶ್ರಣದ ಪ್ರತಿ ಗ್ರಾಮಿಗೆ ಸುಮಾರು 400 ಜೂಲ್. ಶಾಖ ಹೊರಹೋಗಲು ದಾರಿಯಿಲ್ಲದಿದ್ದರೆ ಇಷ್ಟರಿಂದ ತಾಪಮಾನ 200 ಡಿಗ್ರಿಯಷ್ಟು ಏರಬಲ್ಲದು. 130ರಿಂದ ಹೊರಟದ್ದು 300 ದಾಟಿ, ರಾಳ ಕಪ್ಪಾಗಿ ಹೊಗೆಯಾಡುತ್ತದೆ. ಆದ್ದರಿಂದ ಕೆಲವೇ ಮಿಲಿಮೀಟರಿಗಿಂತ ದಪ್ಪವಾದ ತುಂಡನ್ನು 95ರಿಂದ 100 ಡಿಗ್ರಿಯಲ್ಲಿ ಹಲವು ಗಂಟೆ ನಿಲ್ಲಿಸಿ, ಒಳಗಿನ ಥರ್ಮೋಕಪಲ್ ಏರಿ ಇಳಿದದ್ದನ್ನು ಕಂಡ ಮೇಲಷ್ಟೇ 130ಕ್ಕೆ ಒಯ್ಯಬೇಕು. ಯುರಾನ್ ಸೇರಿದ ಡೈಸಿ ಈ ಕಡಿಮೆ ಬಿಸಿಯಲ್ಲೂ ನಿಧಾನವಾಗಿ ಕೆಲಸ ಮಾಡುತ್ತದೆ. ಅವಧಿ ಮೀರಿದ ಡಬ್ಬಿಯನ್ನು ಬಿಸಾಡುವ ಮೊದಲು ಗಟ್ಟಿ ಮಾಡೋಣವೆಂದು ಇಡಿಯಾಗಿ ಓವನ್ನಿಗೆ ಇಡುವ ಯೋಚನೆಯಂತೂ ಎಂದಿಗೂ ಬೇಡ. ತೆಳುವಾಗಿ ತಟ್ಟೆಗೆ ಹರಡಿ ಗಟ್ಟಿಮಾಡಬೇಕು.

ಪರೀಕ್ಷೆ, ಮತ್ತು ತಪ್ಪು ಹುಡುಕುವುದು

ಮಾದರಿ ಬಿಸಿಯಾಗುವಾಗ ಹೊರಬರುವ ಶಾಖವನ್ನು ಅಳೆಯುವ ಉಪಕರಣವಿರುವವರು ಡಿಎಸ್‌ಸಿಯಲ್ಲಿ ನಿಮಿಷಕ್ಕೆ 10 ಡಿಗ್ರಿ ಏರಿಸುತ್ತ ಒಂದು ಓಟ ನೋಡಬೇಕು. ಬರೀ ಡೈಸಿಯಾದರೆ ಶಾಖದ ಶಿಖರ 190 ಡಿಗ್ರಿಯ ಆಸುಪಾಸು, ಯುರಾನ್ ಸೇರಿದ್ದರೆ 150ರ ಆಸುಪಾಸು ಬರುತ್ತದೆ. ಓವನ್ನಿನಿಂದ ಬಂದ ಮಾದರಿಯನ್ನೂ ಅದೇ ರೀತಿ ಓಡಿಸಿದಾಗ ಶಿಖರ ಉಳಿದಿದ್ದರೆ ಕ್ಯೂರಿಂಗ್ ಪೂರ್ತಿಯಾಗಿಲ್ಲ ಎಂದರ್ಥ. ಉಪಕರಣವಿಲ್ಲದವರು 150 ಡಿಗ್ರಿಯ ಕಬ್ಬಿಣದ ತಟ್ಟೆಯ ಮೇಲೆ ಒಂದು ಹನಿ ಇಟ್ಟು, ಕಡ್ಡಿಯಿಂದ ಎಳೆಯುತ್ತ, ನೂಲು ಏಳುವುದು ನಿಂತು ಹನಿ ಮುದ್ದೆಯಾಗುವ ಹೊತ್ತನ್ನು ಗುರುತಿಸಿಕೊಂಡರೆ ಬ್ಯಾಚಿನಿಂದ ಬ್ಯಾಚಿಗೆ ಹೋಲಿಸಲು ಅಷ್ಟು ಸಾಕು.

ಜೋಡಣೆಯ ಬಲಕ್ಕೆ ಐಎಸ್ಒ 4587ರಂತೆ, ಒಂದರ ಮೇಲೊಂದು ಅಂಟಿಸಿದ ಪಟ್ಟಿಗಳನ್ನು ಉದ್ದಕ್ಕೆ ಎಳೆಯುವ ಲ್ಯಾಪ್ ಶಿಯರ್ ಪರೀಕ್ಷೆ, ಸುಲಿತಕ್ಕೆ ಐಎಸ್ಒ 11339ರಂತೆ, ಅಂಟಿಸಿದ ಹಾಳೆಗಳನ್ನು ಸುಲಿಯುವ ಟಿ-ಪೀಲ್ ಪರೀಕ್ಷೆ. ಲ್ಯಾಪ್ ಶಿಯರ್ ಒಂದನ್ನೇ ನೋಡಿ ಸೂತ್ರವನ್ನು ಮೆಚ್ಚಬಾರದು, ಪೆಡಸು ಎಪಾಕ್ಸಿಯೂ ಅದರಲ್ಲಿ ಚೆನ್ನಾಗಿಯೇ ಉತ್ತೀರ್ಣವಾಗುತ್ತದೆ; ರಬ್ಬರಿನ ಫಲ ಕಾಣುವುದು ಸುಲಿತದಲ್ಲಿ ಮತ್ತು ಪೆಟ್ಟಿನಲ್ಲಿ. ಕೋಣೆಯ ತಾಪಮಾನವಲ್ಲದೆ ಮೈನಸ್ 30 ಮತ್ತು 80 ಡಿಗ್ರಿಗಳಲ್ಲೂ ಅಳೆಯಬೇಕು. ಸಿಟಿಬಿಎನ್ ರಬ್ಬರಿನ ಟಿಜಿ ಮೈನಸ್ 50ರ ಸುತ್ತ ಇರುವುದರಿಂದ ಅದಕ್ಕೂ ಕೆಳಗಿನ ಚಳಿಯಲ್ಲಿ ಅದರಿಂದ ನೆರವು ನಿರೀಕ್ಷಿಸುವಂತಿಲ್ಲ.

ಸಂಖ್ಯೆಗಿಂತ ಹೆಚ್ಚು ಹೇಳುವುದು ಮುರಿದ ಮೇಲ್ಮೈ. ಎರಡೂ ಲೋಹಗಳ ಮೇಲೆ ಅಂಟು ಉಳಿದು, ಸೀಳಿದ ಜಾಗ ಬಿಳಿಚಿಕೊಂಡು ಒರಟಾಗಿದ್ದರೆ ರಬ್ಬರ್ ಕಣಗಳು ತಮ್ಮ ಕೆಲಸ ಮಾಡಿವೆ. ಸೀಳು ಗಾಜಿನಂತೆ ಹೊಳೆಯುತ್ತಿದ್ದರೆ ರಬ್ಬರ್ ಬೇರ್ಪಟ್ಟಿಲ್ಲ, ಇಲ್ಲವೇ ಜಾಲ ತೀರಾ ಬಿಗಿಯಾಗಿದೆ. ಮೊದಲನೆಯದಕ್ಕೆ ಓವನ್ನಿನ ಏರಿಕೆಯನ್ನು ನಿಧಾನ ಮಾಡಿ ನೋಡಬೇಕು ಅಥವಾ ಕೋರ್-ಶೆಲ್‌ಗೆ ಹೊರಳಬೇಕು, ಎರಡನೆಯದಕ್ಕೆ ಬಾಗುವ ಎಪಾಕ್ಸಿಯನ್ನು ಐದು ಭಾಗ ಹೆಚ್ಚಿಸಬೇಕು. ಮೂರು ನಾಲ್ಕು ಎಪಾಕ್ಸಿ ಗುಂಪುಗಳುಳ್ಳ ರಾಳಗಳಲ್ಲಿ ಕೊಂಡಿಗಳು ಎಷ್ಟು ದಟ್ಟವೆಂದರೆ ಎಷ್ಟು ರಬ್ಬರ್ ಹಾಕಿದರೂ ಎಪಾಕ್ಸಿ ಜಾರಿ ವಿರೂಪಗೊಳ್ಳಲು ಆಸ್ಪದವೇ ಇರುವುದಿಲ್ಲ. ಒಂದು ಲೋಹ ಬರಿದಾಗಿ ಹೊಳೆಯುತ್ತ ಹೊರಬಂದಿದ್ದರೆ ದೋಷ ಅಂಟಿನದಲ್ಲ, ಮೇಲ್ಮೈಯನ್ನು ತೊಳೆದು ಉಜ್ಜಿದ ಕೆಲಸದ್ದು. ಸೀಳಿನಲ್ಲಿ ಬಿಳಿ ಹರಳುಗಳು ಕಂಡರೆ ಡೈಸಿ ಹೆಚ್ಚಾಗಿದೆ ಅಥವಾ ಸರಿಯಾಗಿ ಅರೆದಿಲ್ಲ. ಗುಳ್ಳೆಗಳಿದ್ದರೆ ತೇವವನ್ನು ಅನುಮಾನಿಸಬೇಕು.

ಡಬ್ಬಿಯ ಬಾಳಿಕೆಯನ್ನು ತಿಳಿಯಲು ಒಂದು ಮಾದರಿಯನ್ನು 23 ಡಿಗ್ರಿಯಲ್ಲೂ ಇನ್ನೊಂದನ್ನು 40 ಡಿಗ್ರಿಯಲ್ಲೂ ಇಟ್ಟು, ವಾರಕ್ಕೊಮ್ಮೆ ಎರಡನ್ನೂ 23 ಡಿಗ್ರಿಗೆ ತಂದು ಸ್ನಿಗ್ಧತೆ ಅಳೆಯಬೇಕು. ಆರಂಭದ ಎರಡು ಪಟ್ಟಾದ ದಿನವನ್ನು ಬಾಳಿಕೆಯ ಕೊನೆ ಎಂದು ಎಣಿಸುವುದು ರೂಢಿ. 60 ಡಿಗ್ರಿಯಲ್ಲಿ ಇಟ್ಟು ಬೇಗ ಉತ್ತರ ಪಡೆಯುವ ಆಸೆ ಬೇಡ; ಅಷ್ಟು ಬಿಸಿಗೆ ವೇಗವರ್ಧಕ ರಾಳದಲ್ಲಿ ಕರಗತೊಡಗುವುದರಿಂದ ಅಲ್ಲಿ ನಡೆಯುವ ಕ್ರಿಯೆಯೇ ಬೇರೆ, ಆ ಉತ್ತರ ಕೋಣೆಯ ಡಬ್ಬಿಗೆ ಅನ್ವಯಿಸುವುದಿಲ್ಲ. ಶೀತಲ ಪೆಟ್ಟಿಗೆಯಲ್ಲಿಟ್ಟ ಡಬ್ಬಿಯನ್ನು ಮುಚ್ಚಿದ ಹಾಗೆಯೇ ಕೋಣೆಯ ತಾಪಮಾನಕ್ಕೆ ಬರಲು ಬಿಟ್ಟು, ಹೊರಮೈಯ ಬೆವರು ಪೂರ್ತಿ ಆರಿದ ಮೇಲೆ ಒರೆಸಿ ಮುಚ್ಚಳ ತೆಗೆಯಬೇಕು. ಮೇಲ್ಭಾಗದಿಂದ ಮತ್ತು ತಳದಿಂದ ಒಂದೊಂದು ಹನಿ ತೆಗೆದು ಎರಡರ ಜೆಲ್ ಹೊತ್ತನ್ನೂ ಬಿಸಿ ತಟ್ಟೆಯ ಮೇಲೆ ಹೋಲಿಸಬೇಕು; ಅವು ಬೇರೆ ಬೇರೆ ಬಂದರೆ ಡೈಸಿ ತಳಕ್ಕಿಳಿದಿದೆ, ಆ ಡಬ್ಬಿಯನ್ನು ಬಳಸುವ ಮೊದಲು ಮತ್ತೆ ಕಲಕಿ ಗಾಳಿ ತೆಗೆಯಬೇಕಾಗುತ್ತದೆ.